ಶಿವನಸಮುದ್ರದ ಜಲಶಕ್ತಿ: ಒಂದು ಚಾರಿತ್ರಿಕ ಲೆಕ್ಕಾಚಾರ

ಚರಿತ್ರೆಯ ವಿದ್ಯಾರ್ಥಿಗಳು ಶಿವನಸಮುದ್ರದ ವಿದ್ಯುದಾಗಾರವನ್ನು ಮೈಸೂರು ದಿವಾನರ ದೂರದೃಷ್ಟಿಗೆ ನಿದರ್ಶನವೆಂದು ಓದುತ್ತಾರೆ. ಭೌತಶಾಸ್ತ್ರದ ವಿದ್ಯಾರ್ಥಿಗಳಾದರೋ, ಯಾವ ಊರಿನದೂ ಅಲ್ಲದ ಒಂದು ಜಲಪಾತವನ್ನು ಕಲ್ಪಿಸಿಕೊಂಡು ಬೀಳುವ ನೀರಿನ ಲೆಕ್ಕವನ್ನು ಬಿಡಿಸುತ್ತಾರೆ. ಈ ಎರಡು ಓದುಗಳೂ ಅಪೂರ್ಣವೆಂಬುದು ನಮ್ಮ ಅಭಿಪ್ರಾಯ. ಪ್ರಾರಂಭಿಕ ತರಗತಿಗಳ ಕೆಲವು ಸರಳ ಸೂತ್ರಗಳು ಈ ನಾಡಿನ ಚರಿತ್ರೆಯನ್ನು ಹೇಗೆ ನಿರ್ಣಯಿಸಿದುವೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಎಂಜಿನಿಯರ್ ಜೋಲಿ ದ ಲಾತ್‌ಬಿನಿಯೇರರ ಮುಂದಾಳುತನದಲ್ಲಿ ಈ ಯೋಜನೆ ರೂಪುಗೊಂಡಿತು. ದಿವಾನರು 1901ರಲ್ಲಿಯೇ ತೀರಿಕೊಂಡರು. ಯೋಜನೆಯ ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು.

ಮೊದಲನೆಯ ಪ್ರಶ್ನೆ ಶಕ್ತಿಯದು. ನೀರು ಇಳಿಯುವ ಎತ್ತರ ಸುಮಾರು 400 ಅಡಿ, ಎಂದರೆ 120 ಮೀಟರ್ ಎನ್ನೋಣ. ಒಂದು ಘನಮೀಟರ್ ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಇದನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ 11,76,000 ಜೂಲ್ ಸ್ಥಿತಿಶಕ್ತಿ ದೊರೆಯುತ್ತದೆ. ಇದು ಚಲನಶಕ್ತಿಯಾಗಿ ಟರ್ಬೈನನ್ನು ತಿರುಗಿಸಿ, ಕಾಂತಕ್ಷೇತ್ರದಲ್ಲಿ ವಿದ್ಯುತ್ತಾಗಿ ಪರಿಣಮಿಸುತ್ತದೆ. ಆರಂಭದ ಯಂತ್ರಗಳು ಆರು, ಒಂದೊಂದರ ಸಾಮರ್ಥ್ಯ 720 ಕಿಲೋವಾಟ್, ಒಟ್ಟು 4,320. ನಷ್ಟವೇ ಇಲ್ಲವೆಂದುಕೊಂಡರೂ ಇದಕ್ಕೆ ಸೆಕೆಂಡಿಗೆ ಸುಮಾರು 3.7 ಘನಮೀಟರ್ ನೀರು ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು.

ಎರಡನೆಯದು ದೂರದ ಪ್ರಶ್ನೆ. ಗಣಿಗಳು 147 ಕಿಲೋಮೀಟರ್ ದೂರದಲ್ಲಿದ್ದುವು. ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಅಷ್ಟೇ ಸಾಮರ್ಥ್ಯವನ್ನು 350 ವೋಲ್ಟಿಗೆ ಬದಲು 35,000 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ನೂರರಲ್ಲಿ ಒಂದು ಪಾಲಿಗೂ, ಅದೇ ತಂತಿಯಲ್ಲಿನ ನಷ್ಟ ಹತ್ತು ಸಾವಿರದಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಮೈಸೂರು ಆರಿಸಿಕೊಂಡ ಒತ್ತಡ 35,000 ವೋಲ್ಟುಗಳೇ. ಈ ವರ್ಗನಿಯಮವನ್ನು ಅಲಕ್ಷಿಸಿದ್ದರೆ ಕಾವೇರಿಯ ಶಕ್ತಿ ಕೋಲಾರವನ್ನು ತಲಪುತ್ತಲೇ ಇರಲಿಲ್ಲ.

ಮೂರನೆಯದೇ ಅತ್ಯಂತ ಜಟಿಲವಾದುದು. ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಮಳೆಗಾಲದಲ್ಲಿ ನದಿಯಲ್ಲಿ ಎಷ್ಟು ನೀರು ಹರಿದರೇನು? ಗಣಿಗಳಿಗೆ ಪ್ರತಿಕ್ಷಣವೂ ವಿದ್ಯುತ್ತು ಬೇಕು. ಬೇಸಗೆಯಲ್ಲಿ ಹೊಳೆ ಬತ್ತುತ್ತದೆ. ನೀರನ್ನು ಕೂಡಿಡದೆ ಗತ್ಯಂತರವಿರಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಗೆ ಇದೂ ಒಂದು ಮುಖ್ಯ ಕಾರಣ. ಟರ್ಬೈನು ನೀರಿನ ಎತ್ತರವನ್ನು ಮಾತ್ರ ಬಳಸಿಕೊಂಡು ನೀರನ್ನು ನದಿಗೇ ಒಪ್ಪಿಸುತ್ತದೆ. ಅಣೆಕಟ್ಟೆಯಾದರೋ ನೀರು ಹರಿಯುವ ಕಾಲವನ್ನೇ ಬದಲಿಸುತ್ತದೆ, ನೀರಾವರಿಯು ನೀರನ್ನೇ ವ್ಯಯಮಾಡುತ್ತದೆ. ಕೆಳಗಿನ ಮದರಾಸಿನ ಆಕ್ಷೇಪಣೆಯ ಮೂಲ ಇಲ್ಲಿದೆ. 1914ರ ಗ್ರಿಫಿನ್ ತೀರ್ಪನ್ನೂ 1924ರ ಒಪ್ಪಂದವನ್ನೂ ಓದುವವರು ಈ ಭೇದವನ್ನು ಮರೆಯಲಾಗದು.

ಈ ಲೆಕ್ಕಕ್ಕೆ ಒಂದು ವಿಲೋಮವೂ ಉಂಟು. 1974ರಿಂದ ಶಿವನಸಮುದ್ರದ ಪ್ರದೇಶದಿಂದಲೇ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯ ಮೂಲಕ ಸುಮಾರು 500 ಮೀಟರ್ ಮೇಲೆತ್ತಿ ಬೆಂಗಳೂರಿಗೆ ತರಲಾಗುತ್ತಿದೆ. ಒಂದು ಘನಮೀಟರಿಗೆ ಕನಿಷ್ಠ 49,00,000 ಜೂಲ್ ಬೇಕು. ಎಂದರೆ, ಬಸವೇಶ್ವರನಗರದ ಒಂದು ಮನೆಗೆ ಒಂದು ಘನಮೀಟರ್ ನೀರೇರಬೇಕಾದರೆ, ಶಿವನಸಮುದ್ರದಲ್ಲಿ ನಾಲ್ಕು ಘನಮೀಟರಿಗಿಂತ ಹೆಚ್ಚು ನೀರು ಬಿದ್ದು ದೊರೆಯುವಷ್ಟು ಶಕ್ತಿ ವೆಚ್ಚವಾಗುತ್ತದೆ. ಒಂದು ಕಾಲಕ್ಕೆ ನಗರಕ್ಕೆ ಬೆಳಕನ್ನಿತ್ತ ತಾಣವು ಇಂದು ನಗರದ ವಿದ್ಯುತ್ ವೆಚ್ಚಕ್ಕೂ ಕಾರಣವಾಗಿದೆ.

ಆದುದರಿಂದ ನಮ್ಮ ಸೂಚನೆಯಿಷ್ಟೆ: ಭೌತಶಾಸ್ತ್ರದ ಅಧ್ಯಾಪಕರು ಹೆಸರಿಲ್ಲದ ಜಲಪಾತಕ್ಕೆ ಬದಲಾಗಿ ಶಿವನಸಮುದ್ರದ ಅಂಕಿಗಳನ್ನು ಕೊಡಲಿ, ಚರಿತ್ರೆಯ ಅಧ್ಯಾಪಕರು ಒಪ್ಪಂದದ ಪಾಠಕ್ಕೆ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿಸಲಿ. ನದಿಯೊಂದು ಏನನ್ನು ಕೊಡಬಲ್ಲುದು, ಏನನ್ನು ಕೊಡಲಾರದು ಎಂಬ ವಿವೇಕ ಅಲ್ಲಿಂದಲೇ ಮೊದಲಾಗುತ್ತದೆ.