ಗಡಿಯಾರಕ್ಕೆ ಕೀ ಕೊಡುವ ಹೊತ್ತು: ಉಳಿಕೆ ಸೂಚಿ ಎಂದರೇನು?

ಕೀ ಕೊಡುವ ಗಡಿಯಾರ ನಿಂತುಹೋದ ಮೇಲೆ ಅದಕ್ಕೆ ಕೀ ಬೇಕಾಗಿದೆಯೆಂದು ಯಾರೂ ತಿಳಿಸಬೇಕಾಗಿಲ್ಲ. ನಿಂತ ಗಡಿಯಾರವನ್ನು ಯಾರೂ ನಂಬುವುದಿಲ್ಲವಾದ್ದರಿಂದ ಅದರಿಂದ ಮೋಸಹೋಗುವ ಭಯವೂ ಕಡಿಮೆ. ತೊಂದರೆ ಇರುವುದು ಅದಕ್ಕಿಂತ ಮೊದಲಿನ ಹಂತದಲ್ಲಿ. ಒಳಗಿನ ಸ್ಪ್ರಿಂಗ್ ಸಡಿಲಗೊಳ್ಳುತ್ತ ಬಂದಂತೆ, ಮುಳ್ಳುಗಳು ಇನ್ನೂ ಚಲಿಸುತ್ತಿರುವಾಗಲೇ, ಗಡಿಯಾರ ವೇಳೆ ತಪ್ಪತೊಡಗುತ್ತದೆ. ಇದನ್ನು ಮುಂಚಿತವಾಗಿ ತಿಳಿಸುವುದಕ್ಕಾಗಿ ಕೆಲವು ಗಡಿಯಾರಗಳ ಮುಖದ ಮೇಲೆ ಇನ್ನೊಂದು ಚಿಕ್ಕ ಮುಳ್ಳನ್ನು ಇರಿಸುವ ಪದ್ಧತಿಯುಂಟು. ಒಳಗೆ ಉಳಿದಿರುವ ಬಲವೆಷ್ಟು ಎಂಬುದನ್ನು ಅದು ತೋರಿಸುತ್ತದೆ. ಈ ಲೇಖನದಲ್ಲಿ ಅದನ್ನು ನಾವು ‘ಉಳಿಕೆ ಸೂಚಿ’ ಎಂದು ಕರೆಯುತ್ತೇವೆ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಪರೀಕ್ಷಾ ಕೊಠಡಿಗೆ ಮೊಬೈಲನ್ನಾಗಲಿ ಸ್ಮಾರ್ಟ್ ವಾಚನ್ನಾಗಲಿ ಒಯ್ಯುವಂತಿಲ್ಲ. ಮುಳ್ಳಿನ ಗಡಿಯಾರಕ್ಕೆ ಅನುಮತಿಯಿರುವ ಕಡೆಗಳಲ್ಲಿ, ಕಪಾಟಿನಲ್ಲಿ ಮಲಗಿದ್ದ ಅಜ್ಜನ ಎಚ್.ಎಂ.ಟಿ. ಪರೀಕ್ಷೆಯ ದಿನಗಳಲ್ಲಿ ಮೊಮ್ಮಗಳ ಕೈಗೆ ಏರುವುದು ಇಂದಿಗೂ ಇದೆ. ಅದನ್ನು ಕಟ್ಟಿಕೊಂಡು ಹೋಗುವ ಮಗುವಿಗೆ ಅದರ ಸ್ವಭಾವ ತಿಳಿದಿರಬೇಕು.

‘ಕೀ ಕೊಡುವುದು’ ಎಂಬ ಮಾತಿನ ಬಗ್ಗೆ ಒಂದು ಮಾತು. ಹಿಂದಿನ ಜೇಬುಗಡಿಯಾರಗಳಿಗೆ ನಿಜವಾಗಿಯೂ ಬೇರೆಯದೇ ಒಂದು ಚಿಕ್ಕ ಕೀಲಿಕೈ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಕೆಲಸವನ್ನು ಬದಿಯ ಗುಂಡಿ ವಹಿಸಿಕೊಂಡಿತು. ಮಾತು ಮಾತ್ರ ಉಳಿಯಿತು. ಹೊಸೂರು, ತಾಳವಾಡಿಯ ಸುತ್ತಣ ತಮಿಳರೂ ಸೊಲ್ಲಾಪುರದ ಮರಾಠಿಗರೂ ಗಡಿಯಾರಕ್ಕೆ ‘ಚಾವಿ’ ಕೊಡುತ್ತಾರೆ. ಗಡಿಯ ಎರಡೂ ಕಡೆ ಗಡಿಯಾರಕ್ಕೆ ಏನನ್ನೋ ‘ಕೊಡುವುದೇ’ ರೂಢಿ. ಭೌತವಿಜ್ಞಾನದ ದೃಷ್ಟಿಯಿಂದಲೂ ಇದು ಸರಿಯಾದ ಮಾತು, ಏಕೆಂದರೆ ನಮ್ಮ ಬೆರಳುಗಳು ಮಾಡಿದ ಕೆಲಸವೇ ಸ್ಪ್ರಿಂಗಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಸೇರಿ, ಮುಂದಿನ ಒಂದೂವರೆ ದಿನ ಸ್ವಲ್ಪ ಸ್ವಲ್ಪವಾಗಿ ಚಲನ ಶಕ್ತಿಯಾಗಿ ಹೊರಬರುತ್ತದೆ.

ಒಳಗೆ ನಡೆಯುವುದೇನು?

ಸುತ್ತಲೂ ಹಲ್ಲುಗಳಿರುವ ಒಂದು ಪುಟ್ಟ ಡಬ್ಬಿಯೊಳಗೆ ಉದ್ದನೆಯ ಉಕ್ಕಿನ ಪಟ್ಟಿ ಸುರುಳಿಯಾಗಿ ಕುಳಿತಿರುತ್ತದೆ. ಇದೇ ಮೇನ್ ಸ್ಪ್ರಿಂಗ್. ಡಬ್ಬಿಗೆ ಬ್ಯಾರಲ್ ಎಂದು ಹೆಸರು. ಸ್ಪ್ರಿಂಗಿನ ಒಳತುದಿ ನಡುವಿನ ಅಚ್ಚಿಗೆ, ಹೊರತುದಿ ಡಬ್ಬಿಯ ಒಳಗೋಡೆಗೆ ಸಿಕ್ಕಿಕೊಂಡಿರುತ್ತದೆ. ಗುಂಡಿ ತಿರುಗಿಸಿದಾಗ ತಿರುಗುವುದು ಅಚ್ಚು. ಗಡಿಯಾರ ನಡೆಯುವಾಗ ತಿರುಗುವುದು ಡಬ್ಬಿ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ, ಉಳಿಕೆ ಸೂಚಿಯ ಗುಟ್ಟೆಲ್ಲ ಇಲ್ಲಿಯೇ ಇದೆ.

ಡಬ್ಬಿಯ ಬಲ ಹಲ್ಲುಚಕ್ರಗಳ ಸಾಲಿನ ಮೂಲಕ ಸಾಗಿ ಕೊನೆಗೆ ಬ್ಯಾಲೆನ್ಸ್ ಚಕ್ರವನ್ನು ತಲುಪುತ್ತದೆ. ಈ ಚಕ್ರ ಅತ್ತಿತ್ತ ಓಲಾಡುತ್ತ ಕಾಲವನ್ನು ಎಣಿಸುತ್ತದೆ. ಎಚ್.ಎಂ.ಟಿ.ಯ ಪ್ರಸಿದ್ಧ ಕೀ ಗಡಿಯಾರಗಳಲ್ಲಿ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಪೂರ್ತಿ ಕೀ ಕೊಟ್ಟ ಆರೋಗ್ಯವಂತ ಗಡಿಯಾರವನ್ನು ಮುಖ ಮೇಲಾಗಿ ಮಲಗಿಸಿದಾಗ ಬ್ಯಾಲೆನ್ಸ್ ಚಕ್ರ ನಡುಬಿಂದುವಿನಿಂದ ಒಂದೊಂದು ಬದಿಗೆ ಸುಮಾರು 270ರಿಂದ 300 ಡಿಗ್ರಿಯಷ್ಟು ತಿರುಗುತ್ತದೆ. ಸ್ಪ್ರಿಂಗ್ ದುರ್ಬಲವಾದಂತೆ ಈ ಓಲಾಟ ಕುಗ್ಗುತ್ತದೆ. ಸಿದ್ಧಾಂತದ ಪ್ರಕಾರ ಓಲಾಟ ದೊಡ್ಡದಿರಲಿ, ಚಿಕ್ಕದಿರಲಿ, ಅದಕ್ಕೆ ತಗಲುವ ಕಾಲ ಒಂದೇ ಆಗಿರಬೇಕು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಚಕ್ರದ ತೂಕದಲ್ಲಿರುವ ಅಲ್ಪ ಅಸಮತೋಲ, ಎಣ್ಣೆಯ ಅಂಟು, ತಡೆದು ಬಿಡುವ ಭಾಗದ ತಾಕಾಟ ಇವೆಲ್ಲ ಚಿಕ್ಕ ಓಲಾಟವನ್ನು ಹೆಚ್ಚು ಬಾಧಿಸುತ್ತವೆ. ಪರಿಣಾಮವಾಗಿ ಗಡಿಯಾರ ಹಿಂದುಳಿಯಬಹುದು, ಕೆಲವೊಮ್ಮೆ ಮುಂದೆಯೂ ಓಡಬಹುದು. ಒಳ್ಳೆಯ ಗಡಿಯಾರದಲ್ಲಿ ಇದು ದಿನಕ್ಕೆ ಕೆಲವು ಸೆಕೆಂಡುಗಳ ಮಾತು. ಎಣ್ಣೆ ಒಣಗಿದ ಹಳೆಯದರಲ್ಲಿ ನಿಮಿಷಗಳ ಮಾತು.

ಸ್ಪ್ರಿಂಗಿನ ಬಲ ಒಂದೇ ಸಮನೆ ಇಳಿಯುವುದಿಲ್ಲವೆಂಬುದೂ ಗಮನಾರ್ಹ. ಪೂರ್ತಿ ಸುತ್ತಿದಾಗ ಬಲ ತುಸು ಹೆಚ್ಚಿದ್ದು, ಬಹಳ ಹೊತ್ತು ಹೆಚ್ಚುಕಡಮೆ ಸಮವಾಗಿ ಸಾಗಿ, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಸ್ವಿಟ್ಜರ್ಲೆಂಡಿನ ಐ.ಡಬ್ಲ್ಯೂ.ಸಿ. ಕಂಪನಿ 2000ರಲ್ಲಿ ಹೊರತಂದ ಏಳು ದಿನದ ಕೈಗಡಿಯಾರದಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವಿದೆ. ಅದರ ಸ್ಪ್ರಿಂಗಿನಲ್ಲಿ ಏಳು ದಿನಕ್ಕೂ ಮಿಕ್ಕಿ ನಡೆಯುವಷ್ಟು ಬಲವಿದ್ದರೂ 168 ಗಂಟೆಗಳಾದೊಡನೆ ಯಂತ್ರ ತಾನಾಗಿಯೇ ತನ್ನನ್ನು ನಿಲ್ಲಿಸಿಕೊಳ್ಳುತ್ತದೆ. ತಪ್ಪು ವೇಳೆ ತೋರುವುದಕ್ಕಿಂತ ನಿಲ್ಲುವುದೇ ಮೇಲೆಂದು ಅದನ್ನು ರೂಪಿಸಿದವರು ತೀರ್ಮಾನಿಸಿದ್ದರು. ಈ ತೀರ್ಮಾನ ನಮಗೆ ಮೆಚ್ಚುಗೆಯಾಗಿದೆ.

ಹಡಗಿನಿಂದ ಬಂದ ಮುಳ್ಳು

ಉಳಿಕೆ ಸೂಚಿ ಶೋಕಿಯ ವಸ್ತುವಾಗುವ ಮೊದಲು ಜೀವ ಉಳಿಸುವ ಸಾಧನವಾಗಿತ್ತು. ನಡುಗಡಲಿನಲ್ಲಿರುವ ಹಡಗು ತಾನು ಯಾವ ರೇಖಾಂಶದಲ್ಲಿದ್ದೇನೆಂದು ತಿಳಿಯಬೇಕಾದರೆ, ತಾನಿರುವಲ್ಲಿನ ವೇಳೆಯನ್ನು ಗ್ರೀನಿಚ್‌ನಂಥ ಗೊತ್ತಾದ ಸ್ಥಳದ ವೇಳೆಯೊಂದಿಗೆ ಹೋಲಿಸಬೇಕು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುವುದರಿಂದ ನಾಲ್ಕು ನಿಮಿಷದ ವ್ಯತ್ಯಾಸ ಒಂದು ಡಿಗ್ರಿಗೆ ಸಮ. ಭೂಮಧ್ಯರೇಖೆಯ ಬಳಿ ಗಡಿಯಾರ ನಾಲ್ಕೇ ಸೆಕೆಂಡು ತಪ್ಪಿದರೂ ಹಡಗಿನ ಸ್ಥಾನ ಸುಮಾರು 1.85 ಕಿ.ಮೀ.ಯಷ್ಟು ತಪ್ಪುತ್ತದೆ. ರಾತ್ರಿಯಲ್ಲಿ ಬಂಡೆಗಳ ನಡುವೆ ಸಾಗುವವರಿಗೆ ಇದು ಚಿಕ್ಕ ತಪ್ಪಲ್ಲ.

ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಈ ಕೆಲಸಕ್ಕೆ ತಕ್ಕ ಗಡಿಯಾರವನ್ನು ನಿರ್ಮಿಸಿದರು. ಅವರ ನಾಲ್ಕನೆಯ ಗಡಿಯಾರದ ಕಡಲ ಪರೀಕ್ಷೆ 1761ರಲ್ಲಿ ಆರಂಭವಾಯಿತು. ಅದನ್ನು ನೋಡಿ ಲಾರ್ಕಮ್ ಕೆಂಡಾಲ್ ಮಾಡಿದ ಪ್ರತಿಯನ್ನು ಜೇಮ್ಸ್ ಕುಕ್ ತಮ್ಮ ಎರಡನೆಯ ಯಾನದಲ್ಲಿ (1772–75) ಕೊಂಡೊಯ್ದರು. ಆ ಯಾನದಲ್ಲಿ ಗಡಿಯಾರದ ಪೆಟ್ಟಿಗೆಗೆ ಮೂರು ಬೀಗಗಳಿದ್ದವು. ಕೀಲಿಕೈಗಳು ಕಪ್ತಾನ, ಮೊದಲ ಲೆಫ್ಟಿನೆಂಟ್ ಮತ್ತು ಖಗೋಳಜ್ಞ ಈ ಮೂವರ ಬಳಿ ಒಂದೊಂದಾಗಿದ್ದು, ದಿನವೂ ಕೀ ಕೊಡುವಾಗ ಮೂವರೂ ಹಾಜರಿರಬೇಕಾಗಿತ್ತು. ಅಲ್ಲಿ ಉಳಿಕೆ ಸೂಚಿಯ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು ಎನ್ನಬಹುದು.

ಮುಂದೆ ಮರದ ಪೆಟ್ಟಿಗೆಯಲ್ಲಿ ತೂಗುಬಿದ್ದಿರುವ ಹಡಗಿನ ಕ್ರೋನೋಮೀಟರುಗಳು ಬಳಕೆಗೆ ಬಂದಾಗ ಅವುಗಳ ಮುಖದಲ್ಲಿ ಹನ್ನೆರಡರ ಅಂಕಿಯ ಕೆಳಗೆ ಒಂದು ಕಿರುವೃತ್ತ ಕಾಣಿಸಿಕೊಂಡಿತು. ಎರಡು ದಿನದ ಕ್ರೋನೋಮೀಟರಿನಲ್ಲಿ ಅದರ ಅಂಕಿಗಳು ಸಾಮಾನ್ಯವಾಗಿ 0ಯಿಂದ 56ರವರೆಗೆ. ಕೀ ಕೊಟ್ಟು ಎಷ್ಟು ಗಂಟೆಯಾಯಿತೆಂದು ಅದು ತೋರಿಸುತ್ತದೆ. 56 ಗಂಟೆ ನಡೆಯಬಲ್ಲ ಯಂತ್ರಕ್ಕೆ 24 ಗಂಟೆಗೊಮ್ಮೆ ತಪ್ಪದೆ ಕೀ ಕೊಡುತ್ತಿದ್ದರು. ಸ್ಪ್ರಿಂಗಿನ ಒಂದೇ ಭಾಗ ಪ್ರತಿದಿನವೂ ಬಳಕೆಯಾಗಲಿ ಎಂಬುದು ಒಂದು ಕಾರಣ. ಒಂದು ದಿನ ಮರೆತರೂ ಗಡಿಯಾರ ನಿಲ್ಲದಿರಲಿ ಎಂಬುದು ಇನ್ನೊಂದು. ಅಮೆರಿಕದ ನೌಕಾಪಡೆಯಲ್ಲಿ ಮಧ್ಯಾಹ್ನದ ಹನ್ನೆರಡಕ್ಕೆ ಕಪ್ತಾನನಿಗೆ ವರದಿ ಒಪ್ಪಿಸುವಾಗ ‘ಕ್ರೋನೋಮೀಟರುಗಳಿಗೆ ಕೀ ಕೊಡಲಾಗಿದೆ’ ಎಂದು ಹೇಳುವುದು ವಿಧಿಯೇ ಆಗಿತ್ತು.

ಈ ಕ್ರೋನೋಮೀಟರಿನಲ್ಲಿ ಸೂಚಿಯನ್ನು ಜೋಡಿಸುವುದು ಸುಲಭವಾಗಿತ್ತು. ಅದರಲ್ಲಿ ಸ್ಪ್ರಿಂಗಿನ ಡಬ್ಬಿಗೂ ಚಕ್ರಗಳ ಸಾಲಿಗೂ ನಡುವೆ ‘ಫ್ಯೂಸಿ’ ಎಂಬ ಶಂಕುವಿನಾಕಾರದ ಚಕ್ರವಿದ್ದು, ಸಪೂರ ಸರಪಳಿ ಅದಕ್ಕೆ ಸುತ್ತಿಕೊಂಡಿರುತ್ತದೆ. ಸ್ಪ್ರಿಂಗ್ ಬಲವಾಗಿರುವಾಗ ಸರಪಳಿ ಶಂಕುವಿನ ಕಿರಿದಾದ ತುದಿಯನ್ನು ಎಳೆಯುತ್ತದೆ, ಬಲ ಕುಗ್ಗಿದಂತೆ ಅಗಲವಾದ ಬುಡವನ್ನು. ಸನ್ನೆಗೋಲಿನ ತತ್ತ್ವದಿಂದ ಬಲ ಸಮನಾಗುತ್ತದೆ. ಕೀ ಕೊಡುವಾಗ ಈ ಶಂಕು ಒಂದು ದಿಕ್ಕಿಗೆ, ನಡೆಯುವಾಗ ವಿರುದ್ಧ ದಿಕ್ಕಿಗೆ ತಿರುಗುವುದರಿಂದ, ಅದಕ್ಕೇ ಹಲ್ಲುಚಕ್ರವೊಂದನ್ನು ಸೇರಿಸಿ ಮುಳ್ಳು ಇಟ್ಟರೆ ಸೂಚಿ ಸಿದ್ಧ.

ಕೈಗಡಿಯಾರದಲ್ಲಿ ಫ್ಯೂಸಿಗೆ ಜಾಗವಿಲ್ಲ. ಅಲ್ಲಿ ಅಚ್ಚು ಬೇರೆ, ಡಬ್ಬಿ ಬೇರೆ. ಮೇಲೆ ಹೇಳಿದಂತೆ ಎರಡೂ ಬೇರೆ ಬೇರೆ ಹೊತ್ತಿನಲ್ಲಿ ತಿರುಗುತ್ತವೆ. ಬ್ಯಾಂಕಿನ ಪಾಸ್‌ಬುಕ್ಕಿನ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಅಚ್ಚಿನ ಸುತ್ತುಗಳು ಜಮಾ, ಡಬ್ಬಿಯ ಸುತ್ತುಗಳು ಖರ್ಚು. ಒಂದರಿಂದ ಇನ್ನೊಂದನ್ನು ಕಳೆದರೆ ಸಿಗುವುದೇ ಉಳಿಕೆ. ಅಚ್ಚು ಏಳು ಸುತ್ತು ತಿರುಗಿ, ಡಬ್ಬಿ ನಾಲ್ಕು ಸುತ್ತು ತಿರುಗಿದ್ದರೆ ಉಳಿದದ್ದು ಮೂರು ಸುತ್ತು. ಈ ಕಳೆಯುವ ಲೆಕ್ಕವನ್ನು ಕಾಗದವಿಲ್ಲದೆ ಮಾಡುವುದು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ. ಟ್ರ್ಯಾಕ್ಟರು ತಿರುವಿನಲ್ಲಿ ಸಾಗುವಾಗ ಅದರ ಎರಡು ಹಿಂಬದಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಅವಕಾಶ ಕೊಡುವುದೂ ಇದೇ ತತ್ತ್ವದ ಜೋಡಣೆ. ಉಳುಮೆಯ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿರುವುದರ ಸೋದರ, ಕಡಲೆಕಾಳಿಗಿಂತ ಚಿಕ್ಕದಾಗಿ ಕೈಗಡಿಯಾರದಲ್ಲಿಯೂ ಕುಳಿತಿರುತ್ತದೆಂದು ಮಕ್ಕಳಿಗೆ ಹೇಳಿದರೆ ಅವರು ಮರೆಯಲಾರರು.

ಜರ್ಮನಿಯ ಗ್ಲಾಸ್‌ಹ್ಯೂಟೆ ಪಟ್ಟಣದ ಎ. ಲಾಂಗೆ ಉಂಡ್ ಜೋನೆ ಕಂಪನಿ 1994ರಲ್ಲಿ ಹೊರತಂದ ಗಡಿಯಾರದ ಸೂಚಿಯ ಎರಡು ಕೊನೆಗಳಲ್ಲಿ ‘ಆಉಫ್’ ಮತ್ತು ‘ಆಬ್’ ಎಂದು ಬರೆದಿದೆ; ಮೇಲೆ, ಕೆಳಗೆ ಎಂದು ಅರ್ಥ. ಕೆಲವು ಗಡಿಯಾರಗಳಲ್ಲಿ ಸೂಚಿಯ ಕೊನೆಯ ಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ. ಮುಳ್ಳು ಅಲ್ಲಿಗೆ ಬಂದರೂ ಗಡಿಯಾರ ನಿಂತಿರುವುದಿಲ್ಲ. ಆದರೆ ಅದರ ಮಾತನ್ನು ಇನ್ನು ನೆಚ್ಚಬೇಡಿ ಎಂಬುದು ಆ ಬಣ್ಣದ ಅರ್ಥ.

ಸೂಚಿಯಿಲ್ಲದ ಮನೆಯ ಗಡಿಯಾರಗಳು

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ‘ಜನತಾ’, ‘ಪೈಲಟ್’ ಮೊದಲಾದ ಕೀ ಗಡಿಯಾರಗಳನ್ನು ದೇಶದ ಮನೆಮನೆಗೆ ತಲುಪಿಸಿತು. ಇವು ಕಡಿಮೆ ಬೆಲೆಯ, ಗಟ್ಟಿಮುಟ್ಟಾದ ಗಡಿಯಾರಗಳು. ಉಳಿಕೆ ಸೂಚಿ ಇವುಗಳಲ್ಲಿಲ್ಲ. ಇವುಗಳ ಸ್ಥಿತಿಯನ್ನು ಬೆರಳಿನಿಂದಲೇ ತಿಳಿಯಬೇಕು. ಸ್ಪ್ರಿಂಗ್ ಸಡಿಲವಾಗಿದ್ದರೆ ಗುಂಡಿ ಹಗುರವಾಗಿ ತಿರುಗುತ್ತದೆ, ತುಂಬುತ್ತ ಬಂದಂತೆ ಬಿಗಿಯಾಗುತ್ತದೆ, ಕೊನೆಗೆ ಸ್ಪಷ್ಟವಾಗಿ ತಡೆಯುತ್ತದೆ. ಅಲ್ಲಿ ನಿಲ್ಲಿಸಬೇಕು. ‘ಹೆಚ್ಚು ಕೀ ಕೊಟ್ಟು ಗಡಿಯಾರ ಕೆಟ್ಟಿತು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದಾದರೂ, ಪೂರ್ತಿ ಕೀ ಕೊಡುವುದರಿಂದ ಗಡಿಯಾರ ಕೆಡುವುದಿಲ್ಲ. ಅದು ಅದರ ಸಹಜ ಸ್ಥಿತಿ. ತಡೆದ ಮೇಲೂ ಬಲವಂತ ಮಾಡಿದರೆ ಮಾತ್ರ ಅಪಾಯ. ‘ಕಾಂಚನ’ದಂಥ ಆಟೊಮ್ಯಾಟಿಕ್ ಗಡಿಯಾರಗಳಲ್ಲಿ ಈ ತಡೆ ಸಿಗುವುದಿಲ್ಲ, ಅವುಗಳ ಸ್ಪ್ರಿಂಗ್ ತುಂಬಿದ ಮೇಲೆ ಡಬ್ಬಿಯ ಗೋಡೆಗೆ ಒರಸಿಕೊಂಡು ಜಾರುವಂತೆ ಮಾಡಿರುತ್ತಾರೆ.

ಹಳೆಯ ಮನೆಗಳ ಗೋಡೆ ಗಡಿಯಾರ ಇನ್ನೊಂದು ಬಗೆ. ಗಂಟೆ ಬಾರಿಸುವ ಎಂಟು ದಿನದ ಗಡಿಯಾರದ ಮುಖದಲ್ಲಿ ಸಾಮಾನ್ಯವಾಗಿ ಎರಡು ಕೀ ರಂಧ್ರಗಳಿರುತ್ತವೆ, ಒಂದು ನಡೆಗೆ, ಒಂದು ಬಡಿತಕ್ಕೆ. ಬಡಿತದ ಸ್ಪ್ರಿಂಗ್ ಸೋತಾಗ ಗಂಟೆಗಳ ನಡುವಿನ ಅಂತರ ಹಿಗ್ಗಿ ಸದ್ದು ಎಳೆದೆಳೆದು ಬರುತ್ತದೆ. ಎರಡಕ್ಕೂ ಒಂದೇ ದಿನ ಕೀ ಕೊಡುವ ಮನೆಯಲ್ಲಿ ಇದು ಕಿವಿಗೆ ಕೇಳುವ ಎಚ್ಚರಿಕೆ. ತೂಕದ ಗುಂಡು ತೂಗುಬಿಟ್ಟ ಗಡಿಯಾರಗಳಲ್ಲಿ ಗುಂಡು ಎಷ್ಟು ಇಳಿದಿದೆ ಎಂಬುದೇ ಸೂಚಿ. ಗುರುತ್ವದ ಎಳೆತ ಮೊದಲಿನಿಂದ ಕೊನೆಯವರೆಗೂ ಒಂದೇ ಆದ್ದರಿಂದ ಅವು ಕೊನೆಯ ಗಳಿಗೆಯವರೆಗೂ ಸರಿಯಾದ ವೇಳೆಯನ್ನೇ ತೋರಿಸಬಲ್ಲವು. ಸ್ಪ್ರಿಂಗಿಗೆ ಇಲ್ಲದ ಗುಣವಿದು.

ಸೆಲ್ ಹಾಕುವ ಗಡಿಯಾರಗಳಿಗೂ ತಮ್ಮದೇ ಸಂಕೇತವಿದೆ. ಹೊಸೂರಿನ ಟೈಟಾನ್ ಕಾರ್ಖಾನೆಯ ದೆಸೆಯಿಂದ ನಮ್ಮವರಿಗೆ ಚಿರಪರಿಚಿತವಾದ ಕ್ವಾರ್ಟ್ಸ್ ತಂತ್ರದ ಗಡಿಯಾರಗಳನ್ನೇ ತೆಗೆದುಕೊಂಡರೆ, ಆ ತಂತ್ರದ ಕೆಲವು ಯಂತ್ರಗಳಲ್ಲಿ ಸೆಲ್ ಮುಗಿಯುತ್ತ ಬಂದಾಗ ಸೆಕೆಂಡ್ ಮುಳ್ಳು ಒಂದೊಂದು ಸೆಕೆಂಡಿಗೆ ಹೆಜ್ಜೆಯಿಡುವುದನ್ನು ಬಿಟ್ಟು ಎರಡೆರಡು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ವೇಳೆ ಸರಿಯಾಗಿಯೇ ಇರುತ್ತದೆ. ಇದನ್ನು ಕಂಡು ಗಡಿಯಾರ ಕೆಟ್ಟಿತೆಂದು ಬಿಸಾಡುವವರಿದ್ದಾರೆ. ಸೆಲ್ ಬದಲಿಸಿದರೆ ಸಾಕು.

ಅಜ್ಜನ ಗಡಿಯಾರ ಪರೀಕ್ಷೆಗೆ ಹೋಗುವುದಾದರೆ ಒಂದು ಅಪಾಯವನ್ನು ವಿಶೇಷವಾಗಿ ನೆನಪಿಡಬೇಕು. ರಾತ್ರಿ ಕೀ ಮುಗಿದು ನಿಂತ ಗಡಿಯಾರ, ಬೆಳಿಗ್ಗೆ ಕೈಗೆ ಕಟ್ಟುವಾಗಿನ ಅಲುಗಾಟಕ್ಕೆ ಮತ್ತೆ ಸ್ವಲ್ಪ ಹೊತ್ತು ನಡೆಯುವುದುಂಟು. ಟಿಕ್ ಟಿಕ್ ಸದ್ದು ಕೇಳುತ್ತಿರುತ್ತದೆ, ತೋರುವ ವೇಳೆ ಮಾತ್ರ ಎಷ್ಟೋ ಹಿಂದಿನದು. ಆದ್ದರಿಂದ ಸದ್ದನ್ನು ನಂಬದೆ, ಮನೆ ಬಿಡುವ ಮುನ್ನ ಫೋನಿನ ವೇಳೆಯೊಂದಿಗೆ ಹೋಲಿಸಿ ನೋಡಬೇಕು. ಕೀಯನ್ನು ರಾತ್ರಿಗಿಂತ ಬೆಳಿಗ್ಗೆ ಕೊಡುವುದು ಒಳ್ಳೆಯದು. ಕೈ ಅಲುಗಾಡುವ ಹಗಲಿನಲ್ಲಿ ಸ್ಪ್ರಿಂಗ್ ಬಲವಾಗಿರುತ್ತದೆ. ಕೀ ಕೊಡುವಾಗ ಗಡಿಯಾರವನ್ನು ಕೈಯಿಂದ ಬಿಚ್ಚಿರಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ಕಡ್ಡಿಯ ಮೇಲೆ ಓರೆಯಾಗಿ ಒತ್ತಡ ಬೀಳುತ್ತದೆ.

ಮನೆಯ ಗಡಿಯಾರಕ್ಕೆ ಕಾಗದದ ಉಳಿಕೆ ಸೂಚಿಯೊಂದನ್ನು ಮಕ್ಕಳೇ ಸಿದ್ಧಪಡಿಸಬಹುದು. ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ತಡೆಯುವವರೆಗೆ ಕೀ ಕೊಟ್ಟು, ಫೋನಿನ ವೇಳೆಗೆ ಸರಿಯಾಗಿ ಹೊಂದಿಸಿ, ಮುಖ ಮೇಲಾಗಿ ಮೇಜಿನ ಮೇಲಿಡಿ. ಸಂಜೆ ಏಳಕ್ಕೆ, ಭಾನುವಾರ ಬೆಳಿಗ್ಗೆ ಏಳಕ್ಕೆ, ಅಲ್ಲಿಂದ ಮುಂದೆ ಮೂರು ಮೂರು ಗಂಟೆಗೊಮ್ಮೆ ಎಷ್ಟು ಸೆಕೆಂಡು ಹಿಂದೆ ಅಥವಾ ಮುಂದೆ ಇದೆಯೆಂದು ಬರೆಯುತ್ತ ಹೋಗಿ; ಮಲಗುವ ಹೊತ್ತಿನಲ್ಲಿ ಮಾತ್ರ ಬಿಡಬಹುದು. ನಿಂತ ಹೊತ್ತನ್ನು ಮುಳ್ಳುಗಳೇ ಹೇಳುತ್ತವೆ. ಅಂಕಿಗಳನ್ನು ನಕ್ಷೆಯ ಹಾಳೆಯಲ್ಲಿ ಗುರುತಿಸಿದರೆ ಗೆರೆ ಯಾವ ಗಂಟೆಯಿಂದ ವಾಲತೊಡಗುತ್ತದೆ ಎಂಬುದು ಕಾಣುತ್ತದೆ. ಆ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಗಡಿಯಾರದ ಡಬ್ಬಿಯೊಳಗೆ ಇಡಿ. ವಾಲುವಿಕೆ 24 ಗಂಟೆಗೂ ಮೊದಲೇ ಆರಂಭವಾಗುವುದಾದರೆ ಅದಕ್ಕೆ ಬೇಕಾಗಿರುವುದು ಇನ್ನಷ್ಟು ಕೀ ಅಲ್ಲ. ರಿಪೇರಿ ಮಾಡುವವರ ಬಳಿ ಬಿಚ್ಚಿಸಿ ತೊಳೆಸಿ ಎಣ್ಣೆ ಹಾಕಿಸಬೇಕು.