ಮೇಷ್ಟರೋ ಆಪ್ತಸಮಾಲೋಚಕರೋ: ಶಾಲಾ ಮನೋಆರೋಗ್ಯದ ಅನುದಾನ ಕುರಿತು ಒಂದು ಮರುವಿಚಾರ

ಹದಿಹರೆಯದವರ ಮಾನಸಿಕ ಆರೋಗ್ಯಕ್ಕೆ ಸರ್ಕಾರ ಹಣ ಹಾಕಬೇಕೆಂಬುದರಲ್ಲಿ ಈಗ ತಕರಾರು ಉಳಿದಿಲ್ಲ. 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆಯೆಂದು ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆ ಗುರುತಿಸಿತು. 2022ರ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ತಕರಾರಿರುವುದು ಬೇರೆಡೆ: ಶಾಲೆಯೊಳಗೆ ಈ ಕೆಲಸವನ್ನು ಯಾರಿಗೆ ವಹಿಸಬೇಕು?

ಕೇಂದ್ರದ 2020ರ ಶಾಲಾ ಆರೋಗ್ಯ ಕಾರ್ಯಕ್ರಮ ಅದನ್ನು ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ವಹಿಸಿತು. ಈ ನಂಬಿಕೆಗೆ ಕರ್ನಾಟಕದಲ್ಲೇ ಆಧಾರವಿದೆ. ಪ್ರೌಢಶಾಲೆಗಳಲ್ಲಿ ಶಿಕ್ಷಕರ ಮೂಲಕ ನಡೆದ ಜೀವನ ಕೌಶಲ ಶಿಕ್ಷಣದ ಫಲವನ್ನು ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದರು. 605 ಮಕ್ಕಳನ್ನು ಕಾರ್ಯಕ್ರಮವಿಲ್ಲದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದಾಗ ಆತ್ಮಗೌರವ, ಶಾಲೆಯೊಂದಿಗಿನ ಹೊಂದಾಣಿಕೆ ಮೇಲಾಗಿದ್ದವು.

ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳ ಪ್ರಯೋಗ ಇದಕ್ಕೆ ಎದುರಾಗಿ ನಿಂತಂತೆ ಕಾಣುತ್ತದೆ. 'ಸೆಹರ್' ಹೆಸರಿನ ಈ ಪ್ರಯೋಗದಲ್ಲಿ ಕೆಲವು ಶಾಲೆಗಳಿಗೆ ಈ ಕೆಲಸಕ್ಕೆಂದೇ ಹೊರಗಿನವರೊಬ್ಬರನ್ನು ನೇಮಿಸಲಾಯಿತು. ಕೆಲವೆಡೆ ಅದೇ ಹೊಣೆ ಶಿಕ್ಷಕರ ಹೆಗಲೇರಿತು. ಗೋಡೆಪತ್ರಿಕೆ, ಮಕ್ಕಳು ಅಳಲು ಬರೆದು ಹಾಕುವ ಪೆಟ್ಟಿಗೆ, ಖಾಸಗಿ ಸಮಾಲೋಚನೆ ಎರಡೂ ಕಡೆ ಇದ್ದವು. ಹೊರಗಿನವರಿದ್ದ ಶಾಲೆಗಳಲ್ಲಿ ಖಿನ್ನತೆಯ ಲಕ್ಷಣ, ಪೀಡನೆ, ಹಿಂಸೆ ತಗ್ಗಿದವು. ಶಿಕ್ಷಕರು ನಡೆಸಿದಲ್ಲಿ ಪರಿಣಾಮವೇ ಕಾಣಲಿಲ್ಲ.

ಇದನ್ನು 'ಶಿಕ್ಷಕರು ಅಸಮರ್ಥರು' ಎಂದು ಓದುವುದು ಅನ್ಯಾಯ. ಕರ್ನಾಟಕದ ಅಧ್ಯಯನವನ್ನೇ ಮತ್ತೊಮ್ಮೆ ನೋಡಬೇಕು. ಅಲ್ಲಿ ಆತ್ಮಗೌರವ ಹೆಚ್ಚಿತ್ತು ನಿಜ. ಮನೋರೋಗ ಲಕ್ಷಣಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಅಷ್ಟಾಗಿ ಚರ್ಚೆಗೆ ಬಾರದ ಈ ಅಂಶವನ್ನು ಗಣಿಸಿದರೆ ಎರಡೂ ಅಧ್ಯಯನಗಳು ಜಗಳವಾಡುತ್ತಿಲ್ಲ. ಪಾಠವಾಗಿ ಕಲಿಸಬಹುದಾದದ್ದನ್ನು ಶಿಕ್ಷಕರು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಮನೆಯಲ್ಲಿ ಹೊಡೆತ ತಿಂದು ಬಂದ ಹುಡುಗಿ, ತನಗೆ ಅಂಕ ಹಾಕುವವರ ಮುಂದೆ ಬಾಯಿ ಬಿಡುವುದು ಕಷ್ಟ. ಬಿಟ್ಟರೂ ಕೇಳಲು ಅವರಿಗೆ ಬಿಡುವಿರಬೇಕು. ಹೀಗಾಗಿ, ಅನುದಾನ ಮೊದಲು ಕೊಳ್ಳಬೇಕಾದದ್ದು ತರಬೇತಿಯನ್ನಲ್ಲ, ಒಬ್ಬ ವ್ಯಕ್ತಿಯ ಪೂರ್ಣ ಸಮಯವನ್ನು ಎಂಬುದು ಪ್ರಸ್ತುತ ಲೇಖನದ ವಾದ. ಇದಕ್ಕೆ ಮಿತಿಗಳಿವೆ. ನಳಂದಾದ್ದು ಒಂದೇ ಜಿಲ್ಲೆಯ, ಒಂಬತ್ತನೇ ತರಗತಿಯ ಮಕ್ಕಳ ಕಥೆ. ಎರಡು ಅಧ್ಯಯನಗಳ ಅಳತೆಗೋಲುಗಳೂ ಒಂದೇ ಅಲ್ಲ. ಫಲ ಕೊಟ್ಟದ್ದು ಬಿಡುವೋ, ಹೊರಗಿನವರೆಂಬ ಭರವಸೆಯೋ ಎಂದು ಬೇರ್ಪಡಿಸಲು ಸೆಹರ್ ರೂಪುಗೊಂಡಿರಲಿಲ್ಲ.

ಈ ನಡುವೆ ಕೇಂದ್ರದ ಗಮನ ದೂರವಾಣಿ ಸೇವೆಯಾದ ಟೆಲಿ ಮಾನಸ್ ಕಡೆ ಹೊರಳಿತು. ಅದರ ಬಜೆಟ್ ಅಂದಾಜೂ 2023–24ರ ಸುಮಾರು 134 ಕೋಟಿ ರೂಪಾಯಿಯಿಂದ ಮರುವರ್ಷ 90 ಕೋಟಿಗೆ ಇಳಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100ಕ್ಕಿಂತ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂದಿತು. ಸ್ವಾಗತಾರ್ಹ ಆದೇಶ. ಆದರೆ ನಳಂದಾದಲ್ಲಿ ಫಲ ತಂದವರು ವೃತ್ತಿಪರ ಮನಶ್ಶಾಸ್ತ್ರಜ್ಞರಾಗಿರಲಿಲ್ಲ. ತರಬೇತಿ ಪಡೆದ ಸಾಮಾನ್ಯರು. ಅರ್ಹತೆಯ ವ್ಯಾಖ್ಯೆ ಬಿಗಿಯಾದಷ್ಟೂ ಹಳ್ಳಿ ಶಾಲೆಯ ಹುದ್ದೆ ಖಾಲಿ ಉಳಿಯುವ ಅಪಾಯವಿದೆ.

ನೂರು ಮಕ್ಕಳೂ ಇಲ್ಲದ ಶಾಲೆಗಳ ಪ್ರಶ್ನೆ ಹಾಗೇ ಉಳಿಯುತ್ತದೆ. ಒಂದು ಕ್ಲಸ್ಟರಿಗೆ ಒಬ್ಬರನ್ನು ನೇಮಿಸಬಹುದು. ವಾರಕ್ಕೊಮ್ಮೆ ಬಂದು ಹೋಗುವವರ ಬಳಿ ಮಕ್ಕಳು ಮನಸ್ಸು ಬಿಚ್ಚುತ್ತಾರೆಯೇ ಎಂಬುದಕ್ಕೆ ನಳಂದಾದ ಅಂಕಿಅಂಶಗಳಲ್ಲಿ ಉತ್ತರವಿಲ್ಲ. ಅದನ್ನು ಇಲ್ಲಿನ ಶಾಲೆಗಳಲ್ಲೇ ಪರೀಕ್ಷಿಸಬೇಕಾಗಿದೆ.