ಸಖಿಯೇ ನಾಯಿಕೆಯಾದಾಗ: ಮಾನ್ಯಖೇಟದ ನೆಲದಿಂದ ಯೂರಿ ಅನಿಮೆಯ ರಸವಿಚಾರ

ಪೀಠಿಕೆ

ಚಿತ್ತಾಪುರ ತಾಲೂಕಿನ ಸನ್ನತಿಗೆ ಹೊಂದಿಕೊಂಡ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಉತ್ಖನನ ಮಾಡಿತು. ಅಲ್ಲಿ ದೊರೆತ ಫಲಕವೊಂದರಲ್ಲಿ ಅಶೋಕನೂ ಅವನ ರಾಣಿಯೂ ನಿಂತಿದ್ದಾರೆ. ‘ರಾಯೊ ಅಸೋಕೊ’ ಎಂಬ ಬ್ರಾಹ್ಮಿ ಬರಹ ಅರಸನನ್ನು ಗುರುತಿಸುತ್ತದೆ. ಜೊತೆಗೆ ಚಾಮರ, ಛತ್ರ ಹಿಡಿದ ಹೆಂಗಸರಿದ್ದಾರೆ, ಅವರಿಗೆ ಹೆಸರಿಲ್ಲ. ಶಿಲ್ಪದಲ್ಲಿ ಪರಿಚಾರಿಕೆಗೆ ಸಿಕ್ಕ ಈ ಸ್ಥಾನವೇ ಕಾವ್ಯದಲ್ಲಿ ಸಖಿಗೂ ಸಿಕ್ಕಿದೆ. ಅವಳು ಯಾವಾಗಲೂ ಹತ್ತಿರದಲ್ಲಿರುತ್ತಾಳೆ, ಎಲ್ಲವನ್ನೂ ನೋಡುತ್ತಾಳೆ, ಓಲೆ ಒಯ್ಯುತ್ತಾಳೆ, ವಿರಹಿಣಿಗೆ ತಂಪು ಮಾಡುತ್ತಾಳೆ. ಆದರೆ ಕಥೆ ಅವಳದಲ್ಲ.

ಜಪಾನಿನ ಅನಿಮೆಯಲ್ಲಿ ಕಥೆಯನ್ನು ಅವಳ ಕೈಗೇ ಕೊಟ್ಟ ಪ್ರಕಾರವೊಂದಿದೆ. ಹೆಣ್ಣು ಹೆಣ್ಣಿನ ನಡುವಿನ ಒಲವನ್ನು ಕೇಂದ್ರದಲ್ಲಿಟ್ಟು ಹೇಳುವ ಆ ಕಥೆಗಳನ್ನು ಯೂರಿ ಎನ್ನುತ್ತಾರೆ. ಅದರ ಪಾತ್ರಗಳ ಮೇಲಿನ ಪ್ರೀತಿಯಿಂದಲೇ ಈ ಲೇಖನ ಹುಟ್ಟಿದೆ. ಸಖಿಯ ಗುಣಗಳಾದ ಕಾಯುವಿಕೆ, ಗಮನಿಸುವಿಕೆ, ಕಿವಿಗೊಡುವಿಕೆಗಳನ್ನೇ ಯೂರಿ ನಾಯಿಕೆಯ ಗುಣಗಳನ್ನಾಗಿ ಮಾಡಿತು; ಆದ್ದರಿಂದ ನಮ್ಮ ಕಾವ್ಯಪರಂಪರೆ ಬಲ್ಲ ಓದುಗರಿಗೆ ಅದು ಪರಕೀಯವಲ್ಲ ಎಂಬುದು ಇಲ್ಲಿನ ಪ್ರತಿಪಾದನೆ. ಓದಿನ ನೆಲೆಯಾಗಿ ಕಾಗಿಣಾ ದಂಡೆಯ ಮಳಖೇಡವನ್ನು, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವನ್ನು ಆರಿಸಿಕೊಂಡಿದ್ದೇನೆ. ಆದಿತ್ಯನಗರದ ಸಿಮೆಂಟ್ ಕಾಲೊನಿಯ ನೆರೆಯಲ್ಲೇ ಇರುವ ಈ ಊರು ‘ಕವಿರಾಜಮಾರ್ಗ’ದ ಕಾಲದಲ್ಲಿ ಕಾವ್ಯವಿಚಾರದ ರಾಜಧಾನಿಯೂ ಆಗಿತ್ತು.

ಕಾವ್ಯದಲ್ಲಿ ಸಖಿಯ ಸ್ಥಾನ

ಮಾನ್ಯಖೇಟದ ಅರಸ ಅಮೋಘವರ್ಷ ನೃಪತುಂಗನ ಗುರು ಜಿನಸೇನನ ಸಂಸ್ಕೃತ ‘ಆದಿಪುರಾಣ’ದಲ್ಲಿ ಪಂಡಿತೆ ಎಂಬ ದಾದಿ ಬರುತ್ತಾಳೆ. ಶ್ರೀಮತಿಗೆ ಹಿಂದಿನ ಜನ್ಮದ ನಲ್ಲ ಲಲಿತಾಂಗನ ನೆನಪಾಗುತ್ತದೆ. ಆ ಜನ್ಮದ ಕಥೆಯನ್ನು ಅವಳು ಪಟದಲ್ಲಿ ಬರೆದುಕೊಡುತ್ತಾಳೆ. ಪಂಡಿತೆ ಅದನ್ನು ಜಿನಾಲಯಕ್ಕೆ ಒಯ್ದು ಬಿಡಿಸಿಟ್ಟು, ಗುರುತು ಹಿಡಿಯುವವನಿಗಾಗಿ ಕಾಯುತ್ತಾಳೆ. ವಜ್ರಜಂಘ ಬಂದು ಗುರುತಿಸುತ್ತಾನೆ. ಪಂಪ 941ರ ಸುಮಾರಿಗೆ ಇದೇ ಕಥೆಯನ್ನು ಕನ್ನಡದಲ್ಲಿ ಹೇಳಿದ. ಪ್ರೇಮಿಗಳು ಕೂಡುವುದು ಪಂಡಿತೆಯ ಜಾಣ್ಮೆಯಿಂದ. ಆದರೆ ಅವರು ಕೂಡಿದ ಮೇಲೆ ಅವಳ ಕೆಲಸ ಮುಗಿಯುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಬಾಣನ ‘ಕಾದಂಬರಿ’. ಒಂದನೆಯ ನಾಗವರ್ಮ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಿಸಿದ. ಪುಂಡರೀಕನನ್ನು ಕಳೆದುಕೊಂಡ ಮಹಾಶ್ವೇತೆ ಅಚ್ಛೋದ ಸರೋವರದ ಬಳಿ ತಪಸ್ವಿನಿಯಾಗಿ ಕುಳಿತಿದ್ದಾಳೆ. ಅವಳ ಗೆಳತಿ ಕಾದಂಬರಿ, ಮಹಾಶ್ವೇತೆಯ ಶೋಕ ತೀರುವವರೆಗೆ ತಾನು ಮದುವೆಯಾಗುವುದಿಲ್ಲವೆಂದು ಪಣ ತೊಟ್ಟಿದ್ದಾಳೆ. ತಂದೆತಾಯಿ ಎಷ್ಟು ಹೇಳಿದರೂ ಕೇಳುವುದಿಲ್ಲ. ಕೊನೆಗೆ ಅವಳ ಮನವೊಲಿಸುವಂತೆ ಮಹಾಶ್ವೇತೆಗೇ ಹೇಳಿಕಳಿಸುತ್ತಾರೆ. ಚಂದ್ರಾಪೀಡ ಕಣ್ಣಿಗೆ ಬೀಳುವ ಮೊದಲೇ ಕಾದಂಬರಿಯ ಬದುಕಿನ ದೊಡ್ಡ ನಿರ್ಧಾರ ಒಬ್ಬ ಗೆಳತಿಗಾಗಿ ಆಗಿಹೋಗಿದೆ. ಮುಂದೆ ಅವಳು ಚಂದ್ರಾಪೀಡನಿಗೆ ತಾಂಬೂಲ ಕೊಡಲು ಹಿಂಜರಿದಾಗಲೂ ಆಸರೆಗೆ ತಿರುಗುವುದು ಮಹಾಶ್ವೇತೆಯ ಕಡೆಗೇ.

ಇವರಿಬ್ಬರನ್ನು ಪ್ರೇಮಿಗಳೆಂದು ಕರೆಯುವುದು ನನ್ನ ಉದ್ದೇಶವಲ್ಲ. ಕಾವ್ಯ ಹಾಗೆ ಹೇಳುವುದಿಲ್ಲ. ಹೆಣ್ಣಿನ ಮೇಲಿನ ಹೆಣ್ಣಿನ ಮಮತೆ ಕಥೆಯನ್ನೇ ತಡೆದು ನಿಲ್ಲಿಸುವಷ್ಟು ಬಲವುಳ್ಳದ್ದೆಂದು ನಮ್ಮ ಕವಿಗಳಿಗೆ ಗೊತ್ತಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ‘ಕವಿರಾಜಮಾರ್ಗ’ ರಚನೆಯಾದ ಒಂಬತ್ತನೆಯ ಶತಮಾನದಲ್ಲೇ ಆಲಂಕಾರಿಕ ರುದ್ರಟ ‘ಕಾವ್ಯಾಲಂಕಾರ’ದಲ್ಲಿ ಸ್ನೇಹವನ್ನು ಸ್ಥಾಯಿಯಾಗಿ ಉಳ್ಳ ‘ಪ್ರೇಯಸ್’ ಎಂಬ ರಸವನ್ನು ಸೇರಿಸಿದ. ಸ್ನೇಹವೂ ರಸವಾಗಬಲ್ಲದು ಎಂಬ ಆ ಮಾತು ಪರಂಪರೆಯ ಮುಖ್ಯಧಾರೆಯಲ್ಲಿ ಹೆಚ್ಚು ಬೆಳೆಯಲಿಲ್ಲ. ಯೂರಿ ನಿಂತಿರುವುದು ಪ್ರೇಯಸ್ಸು ಶೃಂಗಾರವಾಗಿ ತಿರುಗುವ ಹೊಸ್ತಿಲಿನಲ್ಲಿ.

ಯೂರಿ ನಡೆದುಬಂದ ಹಾದಿ

ಯೂರಿಯ ಬೇರು ಹೆಣ್ಣುಮಕ್ಕಳ ಶಾಲೆಗಳಲ್ಲಿದೆ. ಯೋಶಿಯಾ ನೊಬುಕೊ (1896–1973) 1916ರಿಂದ ಹುಡುಗಿಯರ ಪತ್ರಿಕೆಯಲ್ಲಿ ಬರೆದ ‘ಹಾನಾ ಮೊನೊಗತಾರಿ’ ಕಥೆಗಳಲ್ಲಿ ಶಾಲೆಯ ಗೆಳತಿಯರ ಗಾಢವಾದ ಒಲವಿದೆ. ನೊಬುಕೊ ತಮ್ಮ ಸಂಗಾತಿ ಮೊನ್ಮಾ ಚಿಯೊ ಅವರೊಡನೆ ಸುಮಾರು ಅರ್ಧ ಶತಮಾನ ಬಾಳಿದರು. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ ಮನೆಯವರಾಗಲೆಂದು 1957ರಲ್ಲಿ ಚಿಯೊ ಅವರನ್ನು ದತ್ತು ತೆಗೆದುಕೊಂಡರು. ಆ ಕಾಲದ ಕಥೆಗಳಲ್ಲಿ ಒಲವಿಗೆ ಶಾಲೆ ಮುಗಿಯುವವರೆಗಿನ ಅವಧಿ ಮಾತ್ರ. ಆಮೇಲೆ ಮದುವೆ, ಅಗಲಿಕೆ. ಲೇಖಕಿಯ ಬಾಳು ಮಾತ್ರ ಆ ಗೆರೆ ದಾಟಿತು.

ಕಾಮಿಕ್ಸ್‌ನಲ್ಲಿ ಯಾಮಾಗಿಶಿ ರ‍್ಯೋಕೊ ಅವರ ‘ಶಿರೊಯಿ ಹೆಯಾ ನೊ ಫುತಾರಿ’ (1971) ಮೊದಲ ಯೂರಿ ಕಥೆಗಳ ಸಾಲಿಗೆ ಸೇರುತ್ತದೆ. ಅದರ ಕೊನೆ ದುಃಖದ್ದು. ಕಿರುತೆರೆಯಲ್ಲಿ 1994ರ ‘ಸೈಲರ್ ಮೂನ್ ಎಸ್’ ಮೂಲಕ ಹಾರುಕಾ ಮತ್ತು ಮಿಚಿರು ಬಂದರು. ಒಬ್ಬಳು ರೇಸ್ ಕಾರು ಓಡಿಸುವವಳು, ಇನ್ನೊಬ್ಬಳು ವಯಲಿನ್ ನುಡಿಸುವವಳು. ಇಬ್ಬರ ನಡುವಿನ ನಂಟು ಎಷ್ಟು ಸ್ಪಷ್ಟವಾಗಿತ್ತೆಂದರೆ, ಉತ್ತರ ಅಮೆರಿಕದ ಇಂಗ್ಲಿಷ್ ಡಬ್ಬಿಂಗ್ ಅದನ್ನು ಮರೆಸಲು ಇವರನ್ನು ಸೋದರಸಂಬಂಧಿಗಳನ್ನಾಗಿ ಮಾಡಿತು. ಮಾತು ಬದಲಾಯಿತು, ನೋಟ ಬದಲಾಗಲಿಲ್ಲ. ಬಿಡಿಸಿದ ಕಣ್ಣುಗಳು ಸತ್ಯವನ್ನೇ ಹೇಳುತ್ತಿದ್ದವು. ಇಕುಹಾರಾ ಕುನಿಹಿಕೊ ನಿರ್ದೇಶನದ ‘ರೆವಲ್ಯೂಷನರಿ ಗರ್ಲ್ ಉತೆನಾ’ (1997, 39 ಕಂತು) ಇನ್ನೂ ಧೈರ್ಯ ಮಾಡಿತು. ಅಲ್ಲಿ ಉತೆನಾ ರಾಜಕುಮಾರನಿಗಾಗಿ ಕಾಯುವುದಿಲ್ಲ, ತಾನೇ ರಾಜಕುಮಾರನಾಗಲು ಹೊರಡುತ್ತಾಳೆ. ಕೊನೆಗೆ, ಎಲ್ಲರ ಸ್ವತ್ತಿನಂತೆ ಇದ್ದ ಆಂಥಿ ತಾವಿಬ್ಬರೂ ಇದ್ದ ಶಾಲೆಯ ಬಾಗಿಲು ದಾಟಿ ಉತೆನಾಳನ್ನು ಹುಡುಕಿಕೊಂಡು ನಡೆಯುತ್ತಾಳೆ.

ಯೂರಿಗೆಂದೇ ಮೀಸಲಾದ ‘ಯೂರಿ ಶಿಮಾಯ್’ ಪತ್ರಿಕೆ 2003ರಲ್ಲಿಯೂ ‘ಕಾಮಿಕ್ ಯೂರಿ ಹಿಮೆ’ 2005ರಲ್ಲಿಯೂ ಆರಂಭವಾದವು. ಕೊನ್ನೊ ಓಯುಕಿ ಅವರ ‘ಮಾರಿಯಾಸಾಮಾ ಗಾ ಮಿತೆರು’ ಕಾದಂಬರಿಮಾಲೆ 2004ರಲ್ಲಿ ಅನಿಮೆಯಾಯಿತು. 2018 ಈ ಪ್ರಕಾರದ ಸುಗ್ಗಿಯ ವರ್ಷ. ಏಪ್ರಿಲ್‌ನಲ್ಲಿ ಯಾಮಾದಾ ನಾವೊಕೊ ಅವರ ‘ಲಿಜ್ ಅಂಡ್ ದ ಬ್ಲೂ ಬರ್ಡ್’, ಜೂನ್‌ನಲ್ಲಿ ‘ಅಸಾಗಾವೊ ತೊ ಕಾಸೆ-ಸಾನ್’, ಅಕ್ಟೋಬರ್‌ನಲ್ಲಿ ‘ಬ್ಲೂಮ್ ಇಂಟು ಯು’. ಇವುಗಳ ನಡುವೆ, ಆ ಸೆಪ್ಟೆಂಬರ್ 6ರಂದು, ಭಾರತದ ಸುಪ್ರೀಂ ಕೋರ್ಟ್ ದಂಡಸಂಹಿತೆಯ 377ನೇ ಕಲಂ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಕ್ಕೆ ಅನ್ವಯಿಸದೆಂದು ತೀರ್ಪು ಕೊಟ್ಟಿತು. ಎರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಆ ವರ್ಷ ಭಾರತದಲ್ಲಿ ಕುಳಿತು ಈ ಕಥೆಗಳನ್ನು ನೋಡಿದವರ ಪಾಲಿಗೆ ಅವು ಒಟ್ಟೊಟ್ಟಿಗೆ ಬಂದ ಸಂತೋಷಗಳು.

ಬಿಡಿಸಿದ ಅನುಭಾವ

ರಸಸೂತ್ರದಲ್ಲಿ ಅನುಭಾವವೆಂದರೆ ಒಳಗಿನ ಭಾವದ ಹೊರಗಿನ ಗುರುತು: ಕಡೆಗಣ್ಣ ನೋಟ, ತಡವರಿಸುವ ಮಾತು, ನಿಂತುಹೋಗುವ ಹೆಜ್ಜೆ. ಇದರೊಡನೆ ಸ್ತಂಭ, ರೋಮಾಂಚ, ಸ್ವರಭೇದ, ವೈವರ್ಣ್ಯ ಮುಂತಾದ ಎಂಟು ಸಾತ್ವಿಕಗಳನ್ನೂ ಹೇಳುತ್ತಾರೆ. ಸಿನಿಮಾದ ನಟಿ ರೆಪ್ಪೆ ಬಡಿದರೆ ಅದು ಸಹಜ ಚಲನೆಯೂ ಇರಬಹುದು. ಅನಿಮೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ರೆಪ್ಪೆಯನ್ನೂ ಒಬ್ಬ ಕಲಾವಿದ ಅಥವಾ ಕಲಾವಿದೆ ಬೇಕೆಂದೇ ಬಿಡಿಸಿರುತ್ತಾರೆ. ಆದ್ದರಿಂದ ಅನಿಮೆಯ ಅನುಭಾವದಲ್ಲಿ ಆಕಸ್ಮಿಕಕ್ಕೆ ಎಡೆ ಬಹಳ ಕಡಿಮೆ. ಯೂರಿಯ ಪಾತ್ರಗಳು ಮನಸ್ಸಿನಲ್ಲಿ ಆಳವಾಗಿ ನಿಲ್ಲಲು ಇದೊಂದು ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

‘ಲಿಜ್ ಅಂಡ್ ದ ಬ್ಲೂ ಬರ್ಡ್’ ಇದಕ್ಕೆ ಅತ್ಯುತ್ತಮ ನಿದರ್ಶನ. ಓಬೊ ನುಡಿಸುವ ಮಿಜೊರೆ ಶಾಲೆಯ ಮೆಟ್ಟಿಲ ಮೇಲೆ ಕಾಯುತ್ತಾಳೆ. ಕೊಳಲು ನುಡಿಸುವ ನೊಜೊಮಿ ಬರುವುದು ಅವಳಿಗೆ ಹೆಜ್ಜೆಯ ಸಪ್ಪಳದಲ್ಲೇ ತಿಳಿಯುತ್ತದೆ. ನೊಜೊಮಿಯ ಜಡೆ ತೂಗುತ್ತ ಮುಂದೆ ಸಾಗಿದರೆ ಮಿಜೊರೆ ಹಿಂದೆ ನಡೆಯುತ್ತಾಳೆ. ಇಬ್ಬರ ಹೆಜ್ಜೆಗಳ ತಾಳ ಹೊಂದುವುದಿಲ್ಲ. ಸುಮಾರು ಒಂದೂವರೆ ಗಂಟೆಯ ಚಿತ್ರ ಆ ಹೊಂದದ ತಾಳವನ್ನೇ ಆಲಿಸುತ್ತದೆ. ಕೊನೆಯ ಭಾಗದಲ್ಲಿ ಮಿಜೊರೆ ಗೆಳತಿಯನ್ನು ಅಪ್ಪಿಕೊಂಡು ಅವಳಲ್ಲಿ ತನಗೆ ಇಷ್ಟವಾದದ್ದನ್ನೆಲ್ಲ ಹೇಳುತ್ತಾಳೆ. ನೊಜೊಮಿ ಅವಳ ಓಬೊ ತನಗಿಷ್ಟ ಎನ್ನುತ್ತಾಳೆ. ಬಯಸಿದ್ದು ಮತ್ತು ಸಿಕ್ಕಿದ್ದು ಒಂದೇ ಅಲ್ಲ. ಆದರೂ ಆ ಮಾತು ಸುಳ್ಳಲ್ಲ. ಎದುರಿಗೇ ಇರುವವಳ ವಿರಹ ಇಲ್ಲಿರುವುದು. ವಿಪ್ರಲಂಭಕ್ಕೆ, ಅಂದರೆ ಅಗಲಿಕೆಯ ಶೃಂಗಾರಕ್ಕೆ, ದೂರವೇ ಬೇಕಿಲ್ಲವೆಂದು ಚಿತ್ರ ತೋರಿಸಿಕೊಡುತ್ತದೆ.

ಮೆಚ್ಚಿನ ಪಾತ್ರಗಳು

ಪಂಡಿತೆಗೆ ಅನಿಮೆಯಲ್ಲೊಬ್ಬ ತಂಗಿಯಿದ್ದರೆ ಅವಳು ‘ಕಾರ್ಡ್‌ಕ್ಯಾಪ್ಟರ್ ಸಾಕುರಾ’ದ (1998–2000) ತೊಮೊಯೊ. ಈ ಕೃತಿ ಯೂರಿ ಪ್ರಕಾರಕ್ಕೆ ನೇರವಾಗಿ ಸೇರುವುದಿಲ್ಲ. ಆದರೆ ಯೂರಿ ಅಭಿಮಾನಿಗಳು ತೊಮೊಯೊಳನ್ನು ಬಿಟ್ಟುಕೊಡುವುದಿಲ್ಲ. ಗೆಳತಿ ಸಾಕುರಾ ಮಾಯಾ ಕಾರ್ಡ್‌ಗಳನ್ನು ಹಿಡಿಯಲು ಹೊರಟಾಗಲೆಲ್ಲ ತೊಮೊಯೊ ಹೊಸ ಉಡುಪು ಹೊಲಿದು ತರುತ್ತಾಳೆ, ವಿಡಿಯೊ ಕ್ಯಾಮೆರಾ ಹಿಡಿದು ಚಿತ್ರೀಕರಿಸುತ್ತಾಳೆ. ಪ್ರೀತಿಸಿದವರು ಸುಖವಾಗಿದ್ದರೆ ಅದೇ ತನ್ನ ಸುಖ ಎನ್ನುತ್ತಾಳೆ. ಪಂಡಿತೆ ಇನ್ನೊಬ್ಬರು ಬರೆದ ಪಟ ಹೊತ್ತಳು; ತೊಮೊಯೊ ತಾನೇ ಚಿತ್ರ ತೆಗೆದಳು. ನೋಡುವವಳ ನೋಟಕ್ಕೂ ಬೆಲೆಯಿದೆ ಎಂಬ ಅರಿವು ಇಲ್ಲಿದೆ.

‘ಬ್ಲೂಮ್ ಇಂಟು ಯು’ ನಾಕಾತಾನಿ ನಿಯೊ ಅವರ ಎಂಟು ಸಂಪುಟಗಳ ಕೃತಿ. ಅದನ್ನು ಆಧರಿಸಿದ ಅನಿಮೆ 13 ಕಂತುಗಳದು. ಕೊಯಿತೊ ಯುಉಗೆ ಪ್ರೇಮಗೀತೆಗಳು ಅರ್ಥವಾಗುತ್ತವೆ, ಆದರೆ ಎದೆ ಮಿಡಿಯುವುದಿಲ್ಲ. ಶಾಲೆಯವರೆಲ್ಲ ಮೆಚ್ಚುವ ನಾನಾಮಿ ತೊಕೊ ತೀರಿಹೋದ ಅಕ್ಕನಂತೆ ಬದುಕಲು ಹೆಣಗುತ್ತಿದ್ದಾಳೆ. ತನ್ನನ್ನು ಯಾರೂ ಪ್ರೀತಿಸಬಾರದೆನ್ನುವವಳೇ ಯುಉಳನ್ನು ಪ್ರೀತಿಸುತ್ತಾಳೆ. ಯುಉ ದುಡುಕುವುದಿಲ್ಲ, ಕಿವಿಗೊಡುತ್ತಾಳೆ. ಸಖಿಯ ಹಳೆಯ ಕಸುಬನ್ನೇ ಅವಳು ನಾಯಿಕೆಯಾಗಿ ಮಾಡುವುದು. ಇದೇ ಕಥೆಯ ಸಾಯೆಕಿ ಸಾಯಾಕಾ ನನಗೆ ಎಲ್ಲರಿಗಿಂತ ಹತ್ತಿರದವಳು. ತೊಕೊಳನ್ನು ವರ್ಷಗಟ್ಟಲೆ ಒಳಗೊಳಗೇ ಪ್ರೀತಿಸಿ, ಅವಳ ಪಕ್ಕದಲ್ಲಿ ನೆಟ್ಟಗೆ ನಿಂತವಳು. ಅವಳಿಗೆ ಕೆಫೆಯ ಒಡತಿ ಮಿಯಾಕೊ ಆಪ್ತ ಮಾತಿಗೆ ಸಿಗುತ್ತಾಳೆ. ಮಿಯಾಕೊ ಶಾಲೆಯ ಶಿಕ್ಷಕಿ ರಿಕೊಳ ಸಂಗಾತಿ. ಇಂಥ ಬಾಳು ಮುಂದೆಯೂ ಇದೆಯೆಂದು ಹುಡುಗಿಗೆ ಕಣ್ಣಾರೆ ತೋರುವ ಹಿರಿಯಳು. ಸಾಯಾಕಾಳಿಗಾಗಿಯೇ ಇರುಮಾ ಹಿತೊಮಾ ಮೂರು ಕಾದಂಬರಿಗಳನ್ನು ಬರೆದರು. ಪಕ್ಕದಲ್ಲಿ ನಿಂತವಳಿಗೂ ಸ್ವಂತ ಕಥೆ ಸಿಕ್ಕಿತು.

ಹಗುರವಾಗಿ ನಗಿಸುವವರೂ ಬೇಕಾದಷ್ಟಿದ್ದಾರೆ. ‘ಯೂರು ಯೂರಿ’ಯ (2011) ಹುಡುಗಿಯರು ಹಿಂದೆ ಚಹಾಕಲೆಯ ಸಂಘದ್ದಾಗಿದ್ದ ಕೋಣೆಯಲ್ಲಿ ತಮ್ಮ ವಿನೋದ ಕೂಟ ಹೂಡುತ್ತಾರೆ. ಹೆಸರಿಗೆ ನಾಯಿಕೆಯಾದ ಆಕಾರಿ ಕಣ್ಣಿಗೇ ಬೀಳದಷ್ಟು ಮರೆಯಾಗುವುದು ಅಲ್ಲಿನ ನಿತ್ಯದ ನಗೆ. ‘ಅದಾಚಿ ಮತ್ತು ಶಿಮಾಮುರಾ’ (2020) ಕಥೆಯ ಇಬ್ಬರೂ ತರಗತಿ ತಪ್ಪಿಸಿ ವ್ಯಾಯಾಮಶಾಲೆಯ ಮಾಳಿಗೆಯಲ್ಲಿ ಟೇಬಲ್ ಟೆನಿಸ್ ಆಡುತ್ತ ಒಬ್ಬರಿಗೊಬ್ಬರು ಸಿಗುತ್ತಾರೆ. ಅದಾಚಿ ಒಂದು ಮಾತಾಡಲು ಇಡೀ ಕಂತು ಯೋಚಿಸುವಳು. ಆ ಯೋಚನೆಯೆಲ್ಲ ನಮಗೆ ಕೇಳಿಸುತ್ತದೆ, ಶಿಮಾಮುರಾಗೆ ಕೇಳಿಸುವುದಿಲ್ಲ. ‘ಅಸಾಗಾವೊ ತೊ ಕಾಸೆ-ಸಾನ್’ನಲ್ಲಿ ಗಿಡಗಳಿಗೆ ನೀರುಣಿಸುವ ಯಾಮಾದಾ, ಓಟಗಾರ್ತಿ ಕಾಸೆ, ಇವರ ಜೋಡಿಯಲ್ಲಿ ಬಿಸಿಲಿನಂಥ ನೇರತನವಿದೆ. ‘ವಿಚ್ ಫ್ರಮ್ ಮರ್ಕ್ಯುರಿ’ಯ (2022–23) ಮಿಯೊರಿನೆ ತಾಯಿ ಬಿಟ್ಟುಹೋದ ಟೊಮೆಟೊ ತಳಿಯನ್ನು ಗಾಜಿನ ಮನೆಯಲ್ಲಿ ಕಾಪಾಡುತ್ತಾಳೆ, ಮಾತು ತಡವರಿಸುವ ಸುಲೆತ್ತಾ ಅದನ್ನು ತಿಂದು ಬೆರಗಾಗುತ್ತಾಳೆ. ಗುಂಡಮ್‌ನಂಥ ಯುದ್ಧಯಂತ್ರಗಳ ಮಾಲೆಯೊಂದರ ಕೊನೆ ಈ ಇಬ್ಬರ ಉಂಗುರಗಳವರೆಗೆ ಬಂದದ್ದನ್ನು ಕಂಡು ಹಿಗ್ಗದ ಅಭಿಮಾನಿ ವಿರಳ.

ಒಂದು ಆಕ್ಷೇಪ

ಯೂರಿಯ ಎಲ್ಲವನ್ನೂ ಹೊಗಳಬೇಕಿಲ್ಲ. ಬಹಳಷ್ಟು ಕಥೆಗಳು ಶಾಲೆಯ ಗೋಡೆ ದಾಟುವುದಿಲ್ಲ. ‘ಸಿಟ್ರಸ್’ನಂಥ ಕೃತಿಗಳಲ್ಲಿ ಸಮ್ಮತಿಯಿಲ್ಲದ ಸ್ಪರ್ಶವನ್ನೂ ಒಲವಿನ ಬೆಡಗಾಗಿ ತೋರಿಸುವುದುಂಟು; ಅದು ರಸಾಭಾಸ, ಅಂದರೆ ಅನೌಚಿತ್ಯದಿಂದ ಕೆಟ್ಟ ರಸ. ಸಖಿಯ ಮೊದಲ ಗುಣವೇ ಇನ್ನೊಬ್ಬಳ ಮನಸ್ಸನ್ನು ಓದುವುದು. ಅದನ್ನು ಮರೆತ ಕಡೆ ಯೂರಿ ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ. ರಿಕೊ ಮತ್ತು ಮಿಯಾಕೊ, ಮಿಯೊರಿನೆ ಮತ್ತು ಸುಲೆತ್ತಾರಂಥ ಜೋಡಿಗಳು ಶಾಲೆಯಾಚೆಯ ಬಾಳನ್ನು ಕಥೆಯೊಳಗೆ ತಂದಿರುವುದರಿಂದ ಈ ಕೊರತೆಗಳು ತುಂಬಿಕೊಳ್ಳುವವೆಂಬ ಭರವಸೆ ನನಗಿದೆ.

ಉಪಸಂಹಾರ

ಮಳಖೇಡದ ಸುತ್ತಮುತ್ತಲ ಸೇಡಂ, ಚಿಂಚೋಳಿಗಳ ಗಡಿಭಾಗದಲ್ಲಿ ತೆಲುಗು ಮನೆಮಾತಿನಷ್ಟೇ ಸಲೀಸು. ಶಹಾಬಾದ್, ವಾಡಿಗಳ ಬಜಾರಿನಲ್ಲಿ ದಖನಿ ಉರ್ದು, ಕಾರ್ಖಾನೆಯ ಕಾಲೊನಿಗಳಲ್ಲಿ ಹಿಂದಿ. ಇಲ್ಲಿನ ಹುಡುಗ ಹುಡುಗಿಯರು ಡೋರೇಮಾನ್, ಶಿನ್‌ಚಾನ್ ನೋಡಿ ಬೆಳೆದದ್ದು ಹಿಂದಿಯಲ್ಲಿ. ಅನಿಮೆ ಪ್ರಸಾರದ ವೇದಿಕೆಯಾದ ಕ್ರಂಚಿರೋಲ್ ಈಚೆಗೆ ಕೆಲವು ಅನಿಮೆಗಳನ್ನು ಹಿಂದಿ, ತಮಿಳು, ತೆಲುಗಿನಲ್ಲಿ ಕೊಡುತ್ತಿದೆ. 2025ರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಚಿತ್ರಮಂದಿರಗಳಿಗೆ ಬಂದಾಗಲೂ ಭಾರತೀಯ ಭಾಷೆಗಳಲ್ಲಿ ಧ್ವನಿ ಸಿಕ್ಕಿದ್ದು ಈ ಮೂರಕ್ಕೇ. ಯೂರಿಗಂತೂ ಹೆಚ್ಚಾಗಿ ಜಪಾನಿ ಧ್ವನಿ, ಇಂಗ್ಲಿಷ್ ಅಡಿಬರಹವೇ ಗತಿ. ಕನ್ನಡದಲ್ಲಿ ಇದರ ಬಗ್ಗೆ ಬರೆಯುವುದು, ಚರ್ಚಿಸುವುದು ಆದ್ದರಿಂದಲೇ ಅಗತ್ಯ.

ಚರ್ಚೆಗೆ ಬೇಕಾದ ಸಲಕರಣೆ ನಮ್ಮಲ್ಲಿ ಸಿದ್ಧವಾಗಿದೆ. ಅನುಭಾವ, ಸಾತ್ವಿಕ, ವಿಪ್ರಲಂಭ, ಪ್ರೇಯಸ್ಸುಗಳ ವಿಚಾರ ನಮ್ಮದು. ಪಂಡಿತೆ, ಮಹಾಶ್ವೇತೆ, ಕಾದಂಬರಿಯರು ನಮ್ಮವರು. ಅವುಗಳ ಬೆಳಕಿನಲ್ಲಿ ನೋಡಿದಾಗ ಯೂರಿ ಸಖಿಯ ಕುರಿತ ಹಳೆಯ ಪ್ರಶ್ನೆಯೊಂದಕ್ಕೆ ಹೊಸ ಉತ್ತರವಾಗಿ ಕಾಣುತ್ತದೆ. ಎಲ್ಲರ ಮನಸ್ಸನ್ನೂ ಅರಿತವಳ ಮನಸ್ಸನ್ನು ಅರಿಯುವವರು ಯಾರು ಎಂಬುದು ಆ ಪ್ರಶ್ನೆ. ಅವಳಂಥವಳೇ ಇನ್ನೊಬ್ಬಳು ಎಂದು ಯೂರಿ ಉತ್ತರಿಸುತ್ತದೆ. ಈ ಉತ್ತರವನ್ನು ಹಿಡಿದುಕೊಂಡು ನಮ್ಮ ಕಾವ್ಯಗಳ ಸಖಿಯರನ್ನು ಮತ್ತೆ ಓದಿದರೆ ಪಂಡಿತೆಯ ಕಾಯುವಿಕೆ, ಕಾದಂಬರಿಯ ಪಣ ಎರಡೂ ಕಥೆಯ ಅಂಚಿನಿಂದ ನಡುವಿಗೆ ಬರುತ್ತವೆ. ಅಂಥ ಮರು ಓದು ಕನ್ನಡ ಸಂಶೋಧನೆಯ ಮುಂದಿರುವ ಸಂತೋಷದ ಕೆಲಸ.